ಗಂಟು ಬೀಳದ ಹಳೇ ಬೇಲರ್: ಪಾನಾ ಹಿಡಿಯುವ ಮೊದಲು ದಾರದ ತುದಿ ನೋಡಿ

ಕಾರಟಗಿ, ಗಂಗಾವತಿ, ಸಿಂಧನೂರು, ಸಿರುಗುಪ್ಪದ ನೆಲ್ಲಿನ ಗದ್ದೆಗಳಲ್ಲಿ ಹಾರ್ವೆಸ್ಟರ್ ಹೋದ ಮೇಲೆ ಹುಲ್ಲು ಕಟ್ಟಲು ಸಿಗುವ ದಿನಗಳು ಕಡಿಮೆ. ಬೇಸಿಗೆ ಬೆಳೆಯ ಹುಲ್ಲಾದರೆ ಒಂದು ಅಡ್ಡಮಳೆ ಸಾಕು, ಸಾಲಿನಲ್ಲಿ ಬಿದ್ದಲ್ಲೇ ಕಪ್ಪಾಗುತ್ತದೆ. ಅಂಥ ಹೊತ್ತಿನಲ್ಲಿ ಹುಲ್ಲು ಒತ್ತಿ ಪೆಂಡಿ ಕಟ್ಟುವ ಯಂತ್ರವಾದ ಬೇಲರ್ ಹತ್ತು ಪೆಂಡಿಗೆ ಮೂರನ್ನು ಬಿಚ್ಚಿ ಚೆಲ್ಲುತ್ತ ಹೋದರೆ ಅದನ್ನು ಬಾಚಿ ಮತ್ತೆ ಸಾಲು ಮಾಡಲು ಆಳು ಬೇಕು, ಡೀಸೆಲ್ ಬೇಕು. ಕೊನೆಗೆ ಬೇಸತ್ತು ಬೆಂಕಿ ಇಡುವುದೇ ಆಗುತ್ತದೆ. ಕುಷ್ಟಗಿ, ಲಿಂಗಸುಗೂರಿನ ಒಣಭೂಮಿಯಲ್ಲಿ ದನ ಕಟ್ಟಿಕೊಂಡವರು ಅದೇ ಹುಲ್ಲಿಗೆ ಕಾಯುತ್ತಿರುತ್ತಾರೆ. ಹಾಗಾಗಿ ಗಂಟು ತಪ್ಪುವುದನ್ನು ಸಣ್ಣ ತೊಂದರೆ ಎಂದುಕೊಳ್ಳಬೇಡಿ.

ಇಲ್ಲಿ ಹೇಳುತ್ತಿರುವುದು ಇಟ್ಟಿಗೆಯಂತೆ ಚೌಕ ಪೆಂಡಿ ಕಟ್ಟುವ, ಎರಡು ದಾರದ ಬೇಲರ್ ವಿಷಯ. ಹುಲ್ಲು ಒತ್ತುವ ಕೋಣೆ ಇವುಗಳಲ್ಲಿ ಸಾಮಾನ್ಯವಾಗಿ 14×18 ಇಂಚಿನದು. ನೆಲ್ಲುಹುಲ್ಲಿನ ಒಂದು ಪೆಂಡಿ ಉದ್ದ ಮತ್ತು ಬಿಗಿ ನೋಡಿಕೊಂಡು 15–20 ಕೆಜಿ ಆಸುಪಾಸು ತೂಗುತ್ತದೆ. ಉಂಡೆ ಸುತ್ತುವ ರೌಂಡ್ ಬೇಲರ್ ದಾರವನ್ನು ಸುತ್ತಿ ಕತ್ತರಿಸುತ್ತದೆ ಅಷ್ಟೆ, ಗಂಟು ಹಾಕುವುದಿಲ್ಲ. ಅದರ ತೊಂದರೆಗಳೇ ಬೇರೆ.

ಗಂಟು ತಪ್ಪಿದ ಕೂಡಲೇ ಹೆಚ್ಚಿನವರು ಮಾಡುವುದು ಒಂದೇ: ಪಾನಾ ತಗೊಂಡು ಕಣ್ಣಿಗೆ ಕಂಡ ಸ್ಪ್ರಿಂಗನ್ನೆಲ್ಲ ಬಿಗಿ ಮಾಡುವುದು. ಅರ್ಧ ಗಂಟೆಯಲ್ಲಿ ನಾಲ್ಕು ಕಡೆ ತಿರುವಿದ ಮೇಲೆ ಮೊದಲಿನ ತಪ್ಪು ಎಲ್ಲಿತ್ತೆಂಬುದು ಯಾರಿಗೂ ತಿಳಿಯುವುದಿಲ್ಲ. ಅದಕ್ಕೆ ಬದಲು ಬಿಚ್ಚಿಬಿದ್ದ ಪೆಂಡಿಯ ದಾರವನ್ನು ಕೈಗೆತ್ತಿಕೊಂಡು ಅದರ ಎರಡು ತುದಿ ನೋಡಿ. ಎಲ್ಲಿ ಕೈ ಹಾಕಬೇಕೆಂಬುದನ್ನು ಆ ತುದಿಗಳೇ ತೋರಿಸುತ್ತವೆ.

ಗಂಟು ಬೀಳುವುದು ಹೇಗೆ

ಇದು ತಿಳಿಯದೆ ಮುಂದಿನ ಮಾತು ಅರ್ಥವಾಗದು. ಒಂದೊಂದು ದಾರಕ್ಕೆ ಒಂದೊಂದು ನಾಟರ್, ಅಂದರೆ ಗಂಟು ಹಾಕುವ ಭಾಗ, ಇರುತ್ತದೆ, ಕೋಣೆಯ ಮೇಲೆ ಕೂತಿರುತ್ತದೆ. ಹಲ್ಲುಕಚ್ಚಿನ ಒಂದು ಡಿಸ್ಕ್ ದಾರದ ತುದಿಯನ್ನು ಕಚ್ಚಿಕೊಂಡಿರುತ್ತದೆ. ಪಕ್ಕದಲ್ಲಿರುವ ಹೋಲ್ಡರ್ ಎಂಬ ತಗಡು ಸ್ಪ್ರಿಂಗಿನ ಬಲದಿಂದ ಅದನ್ನು ಒತ್ತಿ ಹಿಡಿಯುತ್ತದೆ. ಅಲ್ಲಿಂದ ದಾರ ಪೆಂಡಿಯ ಮೇಲ್ಮೈ ಹಿಡಿದು ಹಿಂದಕ್ಕೆ ಹೋಗಿ, ಹಿಂದಿನ ಮುಖದಿಂದ ಇಳಿದು, ತಳದಲ್ಲಿ ಮುಂದೆ ಬಂದು ಸೂಜಿಯ ಕಣ್ಣಿಗೆ ಸೇರುತ್ತದೆ. ಇದನ್ನು ನಾವು ಮೇಲಿನ ಎಳೆ ಎನ್ನೋಣ.

ಪೆಂಡಿ ಅಳತೆಗೆ ಬಂತೆಂದು ನಕ್ಷತ್ರದಂಥ ಅಳತೆ ಚಕ್ರ ಹೇಳಿದಾಗ ಟ್ರಿಪ್ ಆರ್ಮ್ ಬಿದ್ದು ನಾಟರಿನ ಕ್ಲಚ್ ಹಿಡಿಯುತ್ತದೆ. ಸೂಜಿ, ಕೋಣೆಯಲ್ಲಿ ಹುಲ್ಲು ಒತ್ತುವ ಪ್ಲಂಜರಿನ ಸೀಳಿನೊಳಗಿಂದ ಮೇಲೆದ್ದು ಇನ್ನೊಂದು ಎಳೆಯನ್ನು ತಂದು ಅದೇ ಡಿಸ್ಕಿನ ಮುಂದಿನ ಕಚ್ಚಿಗೆ ಹಾಕುತ್ತದೆ. ಇದು ಸೂಜಿ ಎಳೆ. ಈಗ ಎರಡು ಎಳೆಯೂ ಬಿಲ್ ಹುಕ್ ಮೇಲೆ ಜೋಡಿಯಾಗಿ ಮಲಗಿರುತ್ತವೆ. ಬಿಲ್ ಹುಕ್ ಅಂದರೆ ಹಕ್ಕಿಯ ಕೊಕ್ಕಿನಂತೆ ಬಾಯಿ ತೆರೆದು ಮುಚ್ಚುವ ತುಂಡು. ಅದು ಒಂದು ಪೂರ್ತಿ ಸುತ್ತು ಹಾಕಿ ಎರಡು ಎಳೆಯನ್ನೂ ತನ್ನ ಮೈಗೆ ಸುತ್ತಿಕೊಳ್ಳುತ್ತದೆ. ಸುತ್ತಿನ ಕೊನೆಗೆ ಕೊಕ್ಕು ತೆರೆದು ಡಿಸ್ಕಿನ ಕಡೆಯ ಎಳೆಗಳನ್ನು ಕಚ್ಚುತ್ತದೆ. ಆಗ ವೈಪರ್ ಆರ್ಮ್ ಬರುತ್ತದೆ. ಅದಕ್ಕೇ ಕೂಡಿಸಿದ ಚಾಕು ಡಿಸ್ಕಿಗೂ ಕೊಕ್ಕಿಗೂ ನಡುವೆ ದಾರ ಕತ್ತರಿಸುತ್ತದೆ, ಆರ್ಮ್ ಕೊಕ್ಕಿನ ಮೇಲಿನ ಕುಣಿಕೆಯನ್ನು ಒರೆಸಿ ಮುಂದೆ ತಳ್ಳುತ್ತದೆ. ಕುಣಿಕೆ ಜಾರುವಾಗ ಕೊಕ್ಕು ಕಚ್ಚಿದ ತುದಿಗಳು ಅದರೊಳಗಿಂದ ಹಾದುಬರುತ್ತವೆ. ಅದೇ ಗಂಟು. ಸೂಜಿ ಕೆಳಗಿಳಿಯುವಾಗ ಮುಂದಿನ ಪೆಂಡಿಗೆ ಬೇಕಾದ ತುದಿ ಡಿಸ್ಕಿನಲ್ಲಿ ಉಳಿದಿರುತ್ತದೆ.

ಈ ಉಪಾಯ 1870ರ ದಶಕದ ಕೊನೆಯದು. ಅಮೆರಿಕದ ವಿಸ್ಕಾನ್ಸಿನ್‌ನ ಜಾನ್ ಆಪಲ್‌ಬಿ ಗೋಧಿ ಸಿವುಡು ಕಟ್ಟುವ ಯಂತ್ರಕ್ಕೆ ಮಾಡಿದ್ದು. ಕೊಕ್ಕು, ಡಿಸ್ಕು, ಚಾಕುವಿನ ಆ ಮೂಲ ಕೆಲಸ ಇಂದಿಗೂ ಹಾಗೇ ಇದೆ. ಒಂದು ಕಂಪನಿಯ ನಾಟರ್ ಅರ್ಥವಾದವರಿಗೆ ಇನ್ನೊಂದರ ಮುಂದೆ ದಿಕ್ಕೆಡುವ ಪ್ರಮೇಯ ಬರುವುದು ಕಡಿಮೆ.

ಕೈ ಹಾಕುವ ಮುನ್ನ

ಪಿಟಿಒ (ಟ್ರ್ಯಾಕ್ಟರಿನಿಂದ ಬೇಲರನ್ನು ತಿರುಗಿಸುವ ದಂಡ) ಬಿಡಿಸಿ, ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು ಕೆಲಸ ಮಾಡುವವರ ಜೇಬಿಗೇ ಹಾಕಿಕೊಳ್ಳಿ. ಬೇರೆಯವರ ಕೈಯಲ್ಲಿ ಕೀಲಿ ಇರಕೂಡದು. ಬೇಲರಿನ ಫ್ಲೈವೀಲ್ ಭಾರವಾದ ಚಕ್ರ, ಎಂಜಿನ್ ನಿಂತ ಮೇಲೂ ತಿರುಗುತ್ತಿರುತ್ತದೆ. ಪೂರ್ತಿ ನಿಲ್ಲುವವರೆಗೆ ಹತ್ತಿರ ಹೋಗಬೇಡಿ. ನಾಟರ್ ಟ್ರಿಪ್ ಆಗಿರುವಾಗ ಫ್ಲೈವೀಲನ್ನು ಒಬ್ಬರು ತಿರುಗಿಸಿ ಇನ್ನೊಬ್ಬರು ಬೆರಳು ಇಡುವ ಅಭ್ಯಾಸ ತುಂಬ ಕೆಟ್ಟದ್ದು, ಚಾಕು ಮತ್ತು ಸೂಜಿ ಎರಡೂ ಆ ತಿರುವಿಗೇ ಓಡುತ್ತವೆ. ತಿರುಗಿಸುವಾಗ ಎಲ್ಲರ ಕೈ ಹೊರಗೆ, ನಿಂತಾಗ ಮಾತ್ರ ಕೈ ಒಳಗೆ. ಫ್ಲೈವೀಲ್ ತಿರುವುದು ಯಾವಾಗಲೂ ಕೆಲಸ ಮಾಡುವ ದಿಕ್ಕಿಗೇ, ಹಿಂದಕ್ಕೆ ಬೇಡ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ರಿಂಗ್ ಪಾನಾ ಸೆಟ್, ಸಣ್ಣ ಅರ, ನುಣುಪಾದ ಎಮರಿ ಪೇಪರ್, ಗ್ರೀಸ್ ಗನ್, ಬಣ್ಣದ ಪೆನ್ನು ಅಥವಾ ಚಾಕ್, ಟಾರ್ಚ್, ಹಳೇ ಪೇಂಟ್ ಬ್ರಶ್, ಚಾಕು ಮಸೆಯುವ ಕಲ್ಲು. ಯಂತ್ರದ ಜೊತೆ ಬಂದ ಪುಸ್ತಕ ಇದ್ದರೆ ಮೊದಲ ಮಾತು ಅದರದ್ದೇ. ಕೆಳಗೆ ಹೇಳುವ ಅಳತೆಗೂ ಅದರ ಅಳತೆಗೂ ವ್ಯತ್ಯಾಸ ಕಂಡರೆ ಪುಸ್ತಕದ್ದನ್ನೇ ಹಿಡಿಯಿರಿ.

ತುದಿಗಳನ್ನು ಓದುವುದು

ಮೊದಲನೇ ನಿಯಮ: ಮೊದಲು ತಪ್ಪಿದ ಪೆಂಡಿಯನ್ನೇ ಹುಡುಕಿ. ಸೂಜಿ ಎಳೆ ಒಮ್ಮೆ ಡಿಸ್ಕಿಗೆ ಸಿಗದೆ ಹೋದರೆ ಮುಂದಿನ ಪೆಂಡಿಗೆ ಮೇಲಿನ ಎಳೆಯೇ ಇರುವುದಿಲ್ಲ, ಅದೂ ಬಿಚ್ಚುತ್ತದೆ. ಎರಡನೆಯದನ್ನು ನೋಡಿ ತೀರ್ಮಾನ ಮಾಡಿದರೆ ದಾರಿ ತಪ್ಪುತ್ತೀರಿ.

ಮೇಲಿನ ಎಳೆಯಲ್ಲಿ ಮಾತ್ರ ಗಂಟಿದೆ, ಸೂಜಿ ಎಳೆ ಬರಿದಾಗಿದೆ ಎಂದಾದರೆ ಸೂಜಿ ತಂದ ದಾರ ಡಿಸ್ಕಿನ ಕಚ್ಚಿಗೆ ಬಿದ್ದಿಲ್ಲ. ದಾರ ಸಡಿಲವಿರಬಹುದು, ಸೂಜಿ ಬಾಗಿರಬಹುದು, ಡಿಸ್ಕ್ ತನ್ನ ಜಾಗದಲ್ಲಿ ನಿಂತಿಲ್ಲದಿರಬಹುದು, ದಾರ ತಳ್ಳುವ ಟಕರ್ ಬೆರಳು ಅರ್ಧಕ್ಕೇ ನಿಲ್ಲುತ್ತಿರಬಹುದು. ಕಚ್ಚಿನಲ್ಲಿ ಹೊಟ್ಟು ತುಂಬಿದ್ದರೂ ಇದೇ ಗುರುತು.

ಇದರ ತಿರುಗುಮುರುಗು, ಅಂದರೆ ಗಂಟು ಸೂಜಿ ಎಳೆಯಲ್ಲಿ ಮಾತ್ರ ಇದ್ದು ಮೇಲಿನ ಎಳೆಯ ತುದಿ ಎಳೆದು ನಾರಾದಂತೆ ಕಂಡರೆ, ಪೆಂಡಿ ತುಂಬುವಾಗಲೇ ಅದು ಡಿಸ್ಕಿನಿಂದ ಕಿತ್ತುಬಂದಿದೆ. ಹೋಲ್ಡರ್ ಸಡಿಲ, ಇಲ್ಲವೇ ದಾರ ಬಾಕ್ಸಿನ ಬಳಿ ತೀರ ಬಿಗಿ.

ಎರಡೂ ತುದಿ ನೀಟಾಗಿ ಕತ್ತರಿಸಿದೆ, ಗಂಟಿಲ್ಲ, ಆದರೆ ತುದಿಯಿಂದ ಒಂದೆರಡು ಇಂಚಿನಲ್ಲಿ ದಾರ ಸುರುಳಿ ಸುತ್ತಿದ ಗುರುತಿದೆ. ಇದು ಬಹಳ ಸಾಮಾನ್ಯ. ಕೊಕ್ಕು ಸುತ್ತು ಹಾಕಿದೆ, ಆದರೆ ತುದಿಯನ್ನು ಬಿಗಿಯಾಗಿ ಕಚ್ಚಿಲ್ಲ. ಕುಣಿಕೆ ಜಾರಿತು, ತುದಿ ಅದರೊಳಗೆ ಹಾದುಬರಲಿಲ್ಲ. ಕೊಕ್ಕಿನಲ್ಲಿ ತೆರೆದು ಮುಚ್ಚುವ ನಾಲಿಗೆಯ ಬಿಗಿ ಕಡಿಮೆ, ಅಥವಾ ನಾಲಿಗೆ ಸವೆದಿದೆ.

ಸುರುಳಿಯ ಗುರುತೇ ಇಲ್ಲದೆ ಎರಡೂ ತುದಿ ನೇರವಾಗಿದ್ದರೆ ಕೊಕ್ಕು ತಿರುಗಿಯೇ ಇಲ್ಲ, ಇಲ್ಲವೇ ದಾರ ಅದರ ಮೇಲೆ ಮಲಗಿಲ್ಲ. ಕೊಕ್ಕಿನ ಸಣ್ಣ ಗೇರಿನ ಪಿನ್ನು ಮುರಿದಿರುವುದನ್ನು ಮೊದಲು ನೋಡಿ.

ಗಂಟು ಬಿದ್ದಿದೆ, ಆದರೆ ಕೊಕ್ಕಿಗೇ ನೇತುಹಾಕಿಕೊಂಡು ಪೆಂಡಿ ಮುಂದೆ ಸರಿದಾಗ ಹರಿಯುತ್ತಿದೆ ಎಂದರೆ ವೈಪರ್ ಸರಿಯಾಗಿ ಒರೆಸುತ್ತಿಲ್ಲ, ಅಥವಾ ನಾಲಿಗೆ ಅತಿ ಬಿಗಿ, ಅಥವಾ ಕೊಕ್ಕು ತುಕ್ಕು ಹಿಡಿದು ಒರಟಾಗಿದೆ. ಸುಗ್ಗಿಯ ಮೊದಲ ದಿನ ಬರುವ ತೊಂದರೆಗಳಲ್ಲಿ ಹೆಚ್ಚಿನವು ಈ ತುಕ್ಕಿನವೇ.

ಗಂಟು ಗಟ್ಟಿಯಾಗಿದ್ದು ಅದರ ಪಕ್ಕದಲ್ಲೇ ದಾರ ಹರಿದು ನಾರಾಗಿದ್ದರೆ ಹೋಲ್ಡರ್ ಅತಿ ಬಿಗಿಯಾಗಿ ದಾರವನ್ನು ಕಡಿಯುತ್ತಿದೆ, ಅಥವಾ ಡಿಸ್ಕಿನ ಅಂಚು ಹರಿತವಾಗಿದೆ. ಗಂಟಿನಿಂದ ದೂರದಲ್ಲಿ, ತಳದಲ್ಲೋ ಬದಿಯಲ್ಲೋ ಹರಿದಿದ್ದರೆ ನಾಟರನ್ನು ಮುಟ್ಟಲೇಬೇಡಿ. ಅದು ಸೂಜಿ ಕಣ್ಣಿನ ಗೀರು, ಇಲಿ ಕಡಿದ ದಾರ, ಅಥವಾ ಆ ದಾರ ತಾಳದಷ್ಟು ಬಿಗಿಯಾಗಿ ಕಟ್ಟಿದ ಪೆಂಡಿ.

ದಾರದಿಂದ ಶುರು ಮಾಡಿ

ಒಂದೇ ಕಡೆಯ ಗಂಟು ತಪ್ಪುತ್ತಿದ್ದರೆ ಐದು ನಿಮಿಷದ ಪರೀಕ್ಷೆ ಇದೆ: ಎಡಗಡೆಯ ದಾರದ ಉಂಡೆಯನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ಹತ್ತು ಪೆಂಡಿ ಕಟ್ಟಿ. ತಪ್ಪು ದಾರದ ಜೊತೆ ಆ ಕಡೆಗೆ ಹೋದರೆ ತಪ್ಪು ದಾರದ್ದು. ಅಲ್ಲೇ ಉಳಿದರೆ ನಾಟರಿನದ್ದು. ಇಷ್ಟು ಮಾಡದೆ ನಾಟರ್ ಬಿಚ್ಚುವುದು ವ್ಯರ್ಥ ಕೆಲಸ.

ಒಂದೇ ದಪ್ಪದ, ಒಂದೇ ಬಗೆಯ ದಾರ ಎರಡೂ ಕಡೆ ಇರಲಿ. ಕತ್ತಾಳೆ ದಾರ ಒರಟು, ಕೊಕ್ಕು ಸುಲಭವಾಗಿ ಕಚ್ಚುತ್ತದೆ. ಪ್ಲಾಸ್ಟಿಕ್ ದಾರ ಜಾರು. ಅದಕ್ಕೆ ಬದಲಿಸಿದಾಗ ಹೋಲ್ಡರ್ ಮತ್ತು ಕೊಕ್ಕಿನ ನಾಲಿಗೆ ಎರಡಕ್ಕೂ ತುಸು ಹೆಚ್ಚು ಬಿಗಿ ಬೇಕಾಗುತ್ತದೆ. ಹಿಂದಿನ ವರ್ಷ ಚೆನ್ನಾಗಿ ಕಟ್ಟಿದ ಯಂತ್ರ ಈ ವರ್ಷ ಏಕಾಏಕಿ ಕೈಕೊಟ್ಟಿದ್ದರೆ ದಾರ ಬದಲಾಗಿದೆಯೇ ಎಂದು ಮೊದಲು ಕೇಳಿಕೊಳ್ಳಿ. ರಾಯಚೂರು, ಬಳ್ಳಾರಿಯ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಟ್ರ್ಯಾಕ್ಟರ್ ಮೇಲೆ ತಿಂಗಳುಗಟ್ಟಲೆ ಇಟ್ಟ ಪ್ಲಾಸ್ಟಿಕ್ ದಾರ ಶಕ್ತಿ ಕಳೆದುಕೊಂಡಿರುತ್ತದೆ. ಎರಡು ಕೈಗೆ ಸುತ್ತಿ ಜಗ್ಗಿ ನೋಡಿ, ಪುಡಿಯುದುರಿ ಹರಿದರೆ ಅದನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ.

ಉಂಡೆಯ ಒಳಗಿನ ತುದಿಯಿಂದ ದಾರ ಎಳೆಯಬೇಕು, ಹೊರಗಿನಿಂದಲ್ಲ. ಎರಡು ಉಂಡೆ ಜೋಡಿಸುವ ಗಂಟು ಚಪ್ಪಟೆಯಾದ ಚೌಕ ಗಂಟಾಗಿರಲಿ, ಬಾಲ ಒಂದು ಸೆಂ.ಮೀ. ಬಿಟ್ಟು ಉಳಿದದ್ದು ಕತ್ತರಿಸಿ. ಉದ್ದ ಬಾಲ ಸೂಜಿ ಕಣ್ಣಿಗೆ ಸಿಕ್ಕಿ ನಿಲ್ಲುತ್ತದೆ. ದಾರದ ಬಾಕ್ಸಿನಿಂದ ಸೂಜಿಯವರೆಗೆ ಇರುವ ಪ್ರತಿ ಬಳೆಯೊಳಗೂ ಬೆರಳಾಡಿಸಿ. ವರ್ಷಗಟ್ಟಲೆ ದಾರ ಓಡಿ ಕಬ್ಬಿಣದಲ್ಲೇ ಗೀರು ಬಿದ್ದಿರುತ್ತದೆ, ಆ ಗೀರೇ ದಾರ ಕಡಿಯುವ ಚಾಕು. ಎಮರಿಯಿಂದ ನುಣುಪು ಮಾಡಿ ಅಥವಾ ಬಳೆ ಬದಲಿಸಿ.

ಬಾಕ್ಸಿನಿಂದ ಹೊರಬರುವಲ್ಲಿ ಎರಡು ತಗಡಿನ ನಡುವೆ ದಾರವನ್ನು ಒತ್ತುವ ಸ್ಪ್ರಿಂಗ್ ಇದೆ. ದಾರ ತಾನಾಗಿ ಹರಿದುಬರಬಾರದು, ಕೈಯಿಂದ ಎಳೆದಾಗ ತುಸು ತಡೆದು ಬರಬೇಕು. ಸಡಿಲವಾದರೆ ಸೂಜಿಯ ಬಳಿ ದಾರ ಜೋತುಬಿದ್ದು ಡಿಸ್ಕಿನ ಕಚ್ಚಿಗೆ ಸಿಗುವುದಿಲ್ಲ. ಈ ತಗಡಿನ ನಡುವೆ ಹೊಟ್ಟು ಸೇರಿ ಬಾಯಿ ತೆರೆದುಕೊಂಡಿರುವುದು ಹಳೇ ಯಂತ್ರಗಳಲ್ಲಿ ಮಾಮೂಲು. ಊದಿ, ಒರೆಸಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಕೊಕ್ಕು, ವೈಪರ್, ಚಾಕು

ಬಹುಪಾಲು ತಪ್ಪು ಇರುವುದು ಈ ಮೂರರಲ್ಲಿ. ಇಲ್ಲಿ ಆತುರ ಪಡಬೇಡಿ.

ನೆಲ್ಲುಹುಲ್ಲಿನಲ್ಲಿ ಮರಳಿನಂಥ ಸಿಲಿಕಾ ಅಂಶ ಹೆಚ್ಚು. ಅದರ ಧೂಳು ಗ್ರೀಸಿನ ಜೊತೆ ಸೇರಿ ಕೊಕ್ಕು, ಚಾಕು, ಡಿಸ್ಕುಗಳನ್ನು ಸವೆಸುತ್ತದೆ. ಆದ್ದರಿಂದ ಮೊದಲು ಬ್ರಶ್ಶಿನಿಂದ ಪೂರ್ತಿ ಸ್ವಚ್ಛ ಮಾಡಿ. ಗ್ರೀಸನ್ನು ನಿಪ್ಪಲ್ಲುಗಳಿಗೆ ಮಾತ್ರ ಹೊಡೆಯಿರಿ. ದಾರ ಮುಟ್ಟುವ ಜಾಗಕ್ಕೆ ಗ್ರೀಸ್ ಹಚ್ಚಿದರೆ ಧೂಳು ಅಂಟಿ ಒರಟಾಗುತ್ತದೆ.

ಕೊಕ್ಕಿನ ಮೇಲ್ಮೈ ಬೆರಳಿಗೆ ಗಾಜಿನಂತೆ ಜಾರಬೇಕು. ತುಕ್ಕು ಇದ್ದರೆ ನುಣುಪು ಎಮರಿಯಿಂದ ಉದ್ದುದ್ದಕ್ಕೆ ಉಜ್ಜಿ, ಅಡ್ಡಕ್ಕಲ್ಲ. ಅಡ್ಡ ಗೀರಾದರೆ ಕುಣಿಕೆ ಅಲ್ಲೇ ಸಿಕ್ಕುತ್ತದೆ. ಆಮೇಲೆ ಕೊಕ್ಕನ್ನು ಮುಚ್ಚಿದ ಸ್ಥಿತಿಯಲ್ಲಿಟ್ಟು ಹಿಂದಿನಿಂದ ಟಾರ್ಚ್ ಹಿಡಿಯಿರಿ. ನಾಲಿಗೆಯ ತುದಿ ಮತ್ತು ಕೊಕ್ಕಿನ ನಡುವೆ ಬೆಳಕು ಕಂಡರೆ ನಾಲಿಗೆ ಸವೆದಿದೆ. ಎಷ್ಟು ಸ್ಪ್ರಿಂಗ್ ಬಿಗಿದರೂ ದಾರ ನಿಲ್ಲದು, ಬದಲಿಸಬೇಕು. ನಾಲಿಗೆಯ ಹಿಂತುದಿಯಲ್ಲಿ ಒಂದು ಚಿಕ್ಕ ರೋಲರ್ ಇದೆ. ಅದು ತಿರುಗದೆ ಒಂದೇ ಕಡೆ ಸವೆದು ಚಪ್ಪಟೆಯಾಗಿದ್ದರೆ ಕೊಕ್ಕು ಪೂರ್ತಿ ಬಾಯಿ ತೆರೆಯುವುದಿಲ್ಲ, ಎರಡರಲ್ಲಿ ಒಂದು ಎಳೆಯನ್ನಷ್ಟೇ ಕಚ್ಚುತ್ತದೆ. ಈ ರೋಲರನ್ನು ಕಡೆಗಣಿಸುವವರೇ ಹೆಚ್ಚು. ಬೆರಳಿನಿಂದ ತಿರುಗಿಸಿ ನೋಡಿ.

ನಾಲಿಗೆಯ ಬಿಗಿಯನ್ನು ಅದರ ಸ್ಪ್ರಿಂಗ್ ನಟ್ಟಿನಿಂದ ಹೊಂದಿಸುವುದು. ತಿರುವುವ ಮೊದಲು ನಟ್ಟು, ಬೋಲ್ಟಿಗೆ ಬಣ್ಣದ ಗುರುತು ಹಾಕಿ. ಒಮ್ಮೆಗೆ ನಟ್ಟಿನ ಒಂದು ಮುಖದಷ್ಟು, ಅಂದರೆ ಆರನೇ ಒಂದು ಸುತ್ತು ಮಾತ್ರ. ನಾಲ್ಕೈದು ಗಂಟು ಹಾಕಿಸಿ ನೋಡಿ, ಆಮೇಲೆ ಮುಂದಿನ ತಿರುವು. ಗಂಟಿನ ತುದಿ ಜಾರುತ್ತಿದ್ದರೆ ಬಿಗಿ ಹೆಚ್ಚಿಸಿ, ಗಂಟು ಕೊಕ್ಕಿಗೆ ಅಂಟುತ್ತಿದ್ದರೆ ತಗ್ಗಿಸಿ. ಎರಡಕ್ಕೂ ಜಗ್ಗದಿದ್ದರೆ ನಟ್ಟನ್ನು ಗುರುತಿಗೆ ವಾಪಸು ತಂದು ವೈಪರ್ ನೋಡಿ.

ವೈಪರ್ ಆರ್ಮಿನ ಒಳಬದಿ ಕೊಕ್ಕಿನ ಹಿಮ್ಮಡಿಯನ್ನು ಹಗುರವಾಗಿ ಉಜ್ಜಿಕೊಂಡೇ ಹೋಗಬೇಕು. ಇದನ್ನು ಕಣ್ಣಿನಿಂದ ಅಳೆಯಲಾಗದು. ಕೊಕ್ಕಿನ ಮೇಲೆ ಚಾಕ್ ಹಚ್ಚಿ, ಟ್ರಿಪ್ ಮಾಡಿ, ಕೈಯಿಂದ ಫ್ಲೈವೀಲ್ ತಿರುಗಿಸಿ. ಚಾಕ್ ಒರೆಸಿಹೋದ ಪಟ್ಟೆ ಎಲ್ಲಿಂದ ಎಲ್ಲಿಗಿದೆ ನೋಡಿ. ಪಟ್ಟೆಯೇ ಇಲ್ಲದಿದ್ದರೆ ಆರ್ಮ್ ದೂರವಿದೆ, ಕುಣಿಕೆ ಅದರ ಅಡಿಯಲ್ಲೇ ಉಳಿಯುತ್ತದೆ. ಇನ್ನೊಂದು ಅಳತೆ: ಆರ್ಮ್ ತನ್ನ ಕೊನೆಯ ತುದಿಗೆ ಬಂದಾಗ ಕೊಕ್ಕಿನ ಮೂತಿಯನ್ನು ಸುಮಾರು ಅರ್ಧ ಇಂಚು ದಾಟಿರಬೇಕು. ಮೂತಿಯ ಮಟ್ಟಕ್ಕೇ ನಿಂತರೆ ಗಂಟು ಪೂರ್ತಿ ಜಾರುವುದಿಲ್ಲ. ಆರ್ಮನ್ನು ಓಡಿಸುವ ಕ್ಯಾಮ್ ರೋಲರ್ ಸವೆದಿದೆ ಎಂದರ್ಥ.

ದೂರ ಸರಿದ ಆರ್ಮನ್ನು ಹತ್ತಿರಕ್ಕೆ ತರುವುದು ಬಗ್ಗಿಸಿಯೇ. ತಣ್ಣಗಿರುವಾಗಲೇ, ಕಬ್ಬಿಣದ ಸಲಾಕೆ ಹಾಕಿ ಅಥವಾ ಮೆತ್ತಗೆ ಸುತ್ತಿಗೆ ಕೊಟ್ಟು, ಸ್ವಲ್ಪ ಸ್ವಲ್ಪವಾಗಿ. ಗ್ಯಾಸಿನಿಂದ ಕಾಯಿಸಿ ಬಗ್ಗಿಸಿದರೆ ಹದ ಹೋಗುತ್ತದೆ, ನಾಲ್ಕು ದಿನಕ್ಕೆ ಮತ್ತೆ ಸರಿಯುತ್ತದೆ. ಹೆಚ್ಚು ಒತ್ತಿಕೊಂಡರೂ ತೊಂದರೆಯೇ, ಕೊಕ್ಕು ಸವೆಯುತ್ತದೆ. ಪಕ್ಕದ ನಾಟರ್ ಸರಿಯಾಗಿ ಗಂಟು ಹಾಕುತ್ತಿದ್ದರೆ ಅದಕ್ಕಿಂತ ಒಳ್ಳೆಯ ಮಾದರಿ ಬೇರಿಲ್ಲ. ಅದರ ಅಳತೆ ನೋಡಿ ಇದಕ್ಕೆ ಹೊಂದಿಸಿ.

ಮೊಂಡು ಚಾಕು ದಾರವನ್ನು ಕತ್ತರಿಸುವ ಬದಲು ಜಗ್ಗುತ್ತದೆ. ಆ ಜಗ್ಗಿಗೆ ಹೊಸ ತುದಿ ಡಿಸ್ಕಿನಿಂದ ಜಾರಿ ಬರುತ್ತದೆ, ಮುಂದಿನ ಪೆಂಡಿ ಬಿಚ್ಚುತ್ತದೆ. ಹೀಗಾದಾಗ ಜನ ಹೋಲ್ಡರನ್ನು ಬಿಗಿಯುತ್ತಾರೆ, ಅದು ದಾರ ಕಡಿಯಲು ಶುರು ಮಾಡುತ್ತದೆ. ಒಂದು ಚಾಕು ಮಸೆಯದೆ ಎರಡು ತೊಂದರೆ ತಂದುಕೊಂಡಂತೆ. ಗಂಟಿನ ಎರಡು ಬಾಲ ಉದ್ದದಲ್ಲಿ ಏರುಪೇರಾಗಿ, ತುದಿ ಹೂವಿನಂತೆ ಬಿರಿದಿದ್ದರೆ ಚಾಕು ಮೊಂಡು. ಇಳಿಜಾರು ಇರುವ ಬದಿಯನ್ನಷ್ಟೇ ಕಲ್ಲಿಗೆ ಹಿಡಿಯಿರಿ, ಚಪ್ಪಟೆ ಬದಿ ಮುಟ್ಟಬೇಡಿ. ಸುಗ್ಗಿಯಲ್ಲಿ ದಿನಾ ಬೆಳಿಗ್ಗೆ ಎರಡು ಉಜ್ಜು ಕೊಟ್ಟರೆ ಸಾಕು.

ಡಿಸ್ಕು, ಹೋಲ್ಡರ್, ಸೂಜಿ

ಡಿಸ್ಕನ್ನು ಬೆರಳಿನಿಂದ ಹಿಂದೆ ಮುಂದೆ ಅಲ್ಲಾಡಿಸಿ. ಒಂದೆರಡು ಮಿ.ಮೀ. ಆಟ ಇರಬಹುದು, ಅದಕ್ಕೂ ಮೀರಿ ಲೊಳಲೊಳ ಎಂದರೆ ಅದನ್ನು ತಿರುಗಿಸುವ ವರ್ಮ್ ಗೇರ್ ಸವೆದಿದೆ ಅಥವಾ ಅದರ ನಟ್ಟು ಸಡಿಲಾಗಿದೆ. ಡಿಸ್ಕ್ ಪ್ರತಿ ಸಲವೂ ಒಂದೇ ಜಾಗಕ್ಕೆ ಬಂದು ನಿಲ್ಲದಿದ್ದರೆ ಒಂದು ಪೆಂಡಿ ಸರಿ, ಒಂದು ತಪ್ಪು ಎಂಬಂತೆ ಕಾಡುತ್ತದೆ. ಸೂಜಿಯನ್ನು ಕೈಯಿಂದ ಮೇಲಿನ ತುದಿಗೆ ತಂದು ನಿಲ್ಲಿಸಿ: ಸೂಜಿ ತಂದ ದಾರದ ನೇರಕ್ಕೆ ಡಿಸ್ಕಿನ ಕಚ್ಚು ಬಾಯಿ ತೆರೆದು ನಿಂತಿರಬೇಕು. ಕಚ್ಚಿನ ಅಂಚಿಗೆ ದಾರ ಕೂತಿದ್ದರೆ ವರ್ಮಿನ ನಟ್ಟು ಸಡಿಲಿಸಿ, ಮೆತ್ತಗೆ ತಟ್ಟಿ ಬಿಡಿಸಿ, ಡಿಸ್ಕನ್ನು ಕೂದಲೆಳೆಯಷ್ಟು ಸರಿಸಿ, ಮತ್ತೆ ಬಿಗಿಯಿರಿ. ಬಿಗಿಯುವಾಗ ಅದು ಜಾಗ ಬಿಡುತ್ತದೆ, ಹಾಗಾಗಿ ಇನ್ನೊಮ್ಮೆ ತಿರುಗಿಸಿ ಖಾತ್ರಿ ಮಾಡಿಕೊಳ್ಳಿ.

ಹೋಲ್ಡರಿನ ಬಿಗಿ ಸಾಕೇ ಎಂದು ತಿಳಿಯಲು ಡಿಸ್ಕಿನಲ್ಲಿರುವ ದಾರವನ್ನು ಕೈಯಿಂದ ಜಗ್ಗಿ. ಬಲವಾಗಿ ಜಗ್ಗಿದರೂ ಜಾರಬಾರದು, ಹೊರತೆಗೆದು ನೋಡಿದಾಗ ದಾರ ಒತ್ತಿ ಚಪ್ಪಟೆಯಾಗಿರಬೇಕೇ ಹೊರತು ನಾರು ಕಡಿದಿರಬಾರದು. ಇಲ್ಲೂ ಅದೇ ನಿಯಮ, ಒಮ್ಮೆಗೆ ನಟ್ಟಿನ ಒಂದು ಮುಖ.

ಸೂಜಿ ಎರಕದ್ದು. ಬಾಗಿದ್ದನ್ನು ಹೊಡೆದು ನೇರ ಮಾಡಲು ಹೋದರೆ ಮುರಿಯುತ್ತದೆ, ಬೆಸುಗೆ ಹಾಕಿದ್ದು ನಂಬಿಕೆಗೆ ಅರ್ಹವಲ್ಲ. ಪ್ಲಂಜರ್ ಹೊಡೆದು ಸೂಜಿ ಮುರಿದಿದ್ದರೆ ಹೊಸದು ಹಾಕಿ ಸುಮ್ಮನಾಗಬೇಡಿ, ಹೊಡೆದದ್ದು ಏಕೆ? ಗೇರ್ ಅಥವಾ ಚೈನ್ ಬಿಚ್ಚಿ ಹಾಕುವಾಗ ಹಲ್ಲು ತಪ್ಪಿರಬಹುದು. ಸೂಜಿಯ ಮೂತಿ ಕೋಣೆಗೆ ಹೊಕ್ಕುವ ಹೊತ್ತಿಗೆ ಪ್ಲಂಜರಿನ ಮುಖ ಅದನ್ನು ದಾಟಿ ಹೋಗಿರಬೇಕು, ಸೂಜಿ ಅದರ ಸೀಳಿನೊಳಗೇ ಓಡಬೇಕು. ಕೈಯಿಂದ ತಿರುಗಿಸಿ ನೋಡದೆ ಪಿಟಿಒ ಹಾಕಿದರೆ ಎರಡನೇ ಸೂಜಿಯೂ ಹೋಗುತ್ತದೆ. ಇನ್ನೊಂದು ಕಾರಣ ನಾಟರಿನ ಬ್ರೇಕು. ಅದರ ಪಟ್ಟಿ ಸವೆದರೆ ಅಥವಾ ಎಣ್ಣೆ ತಾಗಿದರೆ ಸೂಜಿ ಕೆಳಗಿನ ಮನೆಗೆ ಬಂದು ನಿಲ್ಲದೆ ಕೋಣೆಯತ್ತ ತೇಲುತ್ತದೆ. ಆಗ ಪ್ಲಂಜರಿನ ರಕ್ಷಣಾ ತಡೆ ಎದ್ದು ಫ್ಲೈವೀಲಿನ ಶಿಯರ್ ಬೋಲ್ಟ್ ಕತ್ತರಿಸುತ್ತದೆ. ಪದೇ ಪದೇ ಬೋಲ್ಟ್ ಹೋಗುತ್ತದೆಂದು ಗಟ್ಟಿ ಬೋಲ್ಟ್ ಹಾಕುವುದು ಇಲ್ಲಿ ಆಗುವ ಅತಿ ದುಬಾರಿ ತಪ್ಪು. ಮುರಿಯಲೆಂದೇ ಇಟ್ಟ ಬೋಲ್ಟದು; ಅದು ಉಳಿದರೆ ಗೇರ್ ಬಾಕ್ಸ್ ಹೋಗುತ್ತದೆ.

ನಾಟರ್ ಸರಿ ಇದ್ದೂ ಗಂಟು ತಪ್ಪಿದರೆ

ಪೆಂಡಿ ಬಾಳೆಕಾಯಿಯಂತೆ ಬಾಗಿ ಬರುತ್ತಿದೆಯೇ? ಹುಲ್ಲು ಒಂದು ಬದಿಗೇ ಹೆಚ್ಚು ತುಂಬುತ್ತಿದೆ, ಇನ್ನೊಂದು ಬದಿಯ ದಾರ ಸಡಿಲ. ಸಡಿಲ ದಾರದ ಗಂಟು ಕೊಕ್ಕಿನಿಂದ ಸರಿಯಾಗಿ ಕಳಚುವುದಿಲ್ಲ. ಸಾಲು, ಹುಲ್ಲು ಎತ್ತಿಕೊಳ್ಳುವ ಪಿಕಪ್ಪಿನ ನಡುವಿಗೆ ಬರುವಂತೆ ಓಡಿಸಿ, ಹುಲ್ಲು ತಳ್ಳುವ ಮುಳ್ಳುಗಳನ್ನು ಹೊಂದಿಸಿ. ಪೆಂಡಿ ಮೆತ್ತಗೆ ಬಂದರೂ ಇದೇ ಗತಿ, ಕೋಣೆಯ ಬಿಗಿ ಹಿಡಿಕೆಗಳನ್ನು ಎರಡೂ ಕಡೆ ಸಮವಾಗಿ ತಿರುವಿ.

ಪಿಟಿಒ ವೇಗ ನಿಮಿಷಕ್ಕೆ 540 ಸುತ್ತಿನಲ್ಲೇ ಇರಲಿ. ಹುಲ್ಲು ದಟ್ಟವಿದ್ದರೆ ಗೇರ್ ಇಳಿಸಿ ನಿಧಾನ ಹೋಗಿ, ಎಕ್ಸಿಲೇಟರ್ ತಗ್ಗಿಸಬೇಡಿ.

ಪ್ಲಂಜರ್ ಚಾಕು ಮತ್ತು ಕೋಣೆಯ ಚಾಕುವಿನ ನಡುವೆ ಒಂದು ಮಿ.ಮೀ. ಒಳಗಿನ ಸಂದು ಇರಬೇಕು. ಸಂದು ಹೆಚ್ಚಾದರೆ ಹುಲ್ಲು ಕತ್ತರಿಸದೆ ಎಳೆದಾಡಿ, ಎರಡು ಪೆಂಡಿಯ ನಡುವೆ ಜಡೆಯಂತೆ ಸಿಕ್ಕಿ ದಾರದ ದಾರಿಗೇ ಅಡ್ಡ ಬರುತ್ತದೆ. ಹಾರ್ವೆಸ್ಟರ್ ಬಿಟ್ಟ ಉದ್ದ ಹುಲ್ಲಿನಲ್ಲಿ ಇದು ಬೇಗ ಕಾಣುತ್ತದೆ.

ಹಸಿ ಹುಲ್ಲು ಕಟ್ಟಬೇಡಿ. ತೇವ ನೂರಕ್ಕೆ 20ಕ್ಕಿಂತ ಕೆಳಗಿರಬೇಕು. ಒಂದು ಹಿಡಿ ತಗೊಂಡು ಹಗ್ಗದಂತೆ ಹೊಸೆಯಿರಿ. ಚಟಚಟ ಎಂದು ಮುರಿದರೆ ಸರಿ, ಬಗ್ಗಿಯೂ ಮುರಿಯದೆ ಅಂಗೈಗೆ ತಂಪು ಹತ್ತಿದರೆ ಇನ್ನೊಂದು ದಿನ ಬಿಡಿ. ಮುಂಗಾರು ಬೆಳೆಯ ಹುಲ್ಲನ್ನು ನವೆಂಬರ್, ಡಿಸೆಂಬರಿನಲ್ಲಿ ಕಟ್ಟುವಾಗ ಇಬ್ಬನಿ ಆರುವವರೆಗೆ ಕಾಯಲೇಬೇಕು. ಎರೆ ಮಣ್ಣಿನ ಗದ್ದೆಯಲ್ಲಿ ಪಿಕಪ್ಪನ್ನು ತುಸು ಮೇಲಕ್ಕೆ ಇಡಿ. ಹೆಂಟೆ ಒಳಬಂದರೆ ನಾಟರಿನ ತನಕವೂ ಅದರ ಪುಡಿ ಬರುತ್ತದೆ.

ದಾರ ಮತ್ತೆ ಪೋಣಿಸಿ ಪರೀಕ್ಷೆ

ಒಂದು ಗಂಟು ತಪ್ಪಿದ ಮೇಲೆ ದಾರವನ್ನು ಹೀಗೆ ಹಾಕಿ. ಬಾಕ್ಸಿನಿಂದ ಎಲ್ಲ ಬಳೆಗಳೊಳಗೆ ದಾರ ತಂದು, ಸೂಜಿಯ ಕಣ್ಣು ದಾಟಿಸಿ, ತುದಿಯನ್ನು ಕೆಳಗಿನ ಚೌಕಟ್ಟಿಗೆ ಕಟ್ಟಿ. ಕೈಯಿಂದ ಟ್ರಿಪ್ ಮಾಡಿ, ಫ್ಲೈವೀಲನ್ನು ಕೈಯಿಂದ ನಿಧಾನ ತಿರುಗಿಸಿ. ಸೂಜಿ ಮೇಲೆ ಹೋಗಿ, ದಾರ ಡಿಸ್ಕಿಗೆ ಕೊಟ್ಟು, ಕೆಳಗಿನ ಮನೆಗೆ ಪೂರ್ತಿ ಬರುವವರೆಗೂ ತಿರುಗಿಸಬೇಕು. ಈಗ ಡಿಸ್ಕಿನಲ್ಲಿ ದಾರ ಇದೆ. ಕೊಕ್ಕಿಗೆ ಸುತ್ತಿಕೊಂಡ ತುಂಡನ್ನು ತೆಗೆದುಬಿಡಿ, ಮರೆತರೆ ಮೊದಲ ಗಂಟೇ ಕೆಡುತ್ತದೆ. ಚೌಕಟ್ಟಿಗೆ ಕಟ್ಟಿದ ತುದಿಯನ್ನೂ ಬಿಚ್ಚಿ.

ಆಮೇಲೆ ಐದಾರು ಪೆಂಡಿ ಕಟ್ಟಿ, ಪ್ರತಿಯೊಂದರ ಎರಡೂ ಗಂಟು ಬೆರಳಿನಿಂದ ಮುಟ್ಟಿ ನೋಡಿ. ಗಂಟು ಗಟ್ಟಿ ಕೂತಿರಬೇಕು, ಎರಡು ಬಾಲ ಹೆಚ್ಚುಕಡಿಮೆ ಸಮವಿರಬೇಕು. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಏನು ಮಾಡಿದಿರೆಂದು ಬಾಕ್ಸಿನ ಮುಚ್ಚಳದ ಒಳಗೆ ಪೆನ್ನಿನಿಂದ ಬರೆದಿಡಿ. ಮುಂದಿನ ಸುಗ್ಗಿಗೆ ಬೇರೆ ಡ್ರೈವರ್ ಬಂದರೂ ಅದು ಉಪಯೋಗಕ್ಕೆ ಬರುತ್ತದೆ.

ಗದ್ದೆಗೆ ಹೋಗುವಾಗ ಒಂದು ಕೊಕ್ಕು, ಅದರ ನಾಲಿಗೆ ಮತ್ತು ರೋಲರ್, ಎರಡು ಚಾಕು, ಕೊಕ್ಕಿನ ಗೇರಿನ ಪಿನ್ನು, ಹೋಲ್ಡರ್ ಸ್ಪ್ರಿಂಗ್, ಕಂಪನಿ ಹೇಳಿದ ಅಳತೆಯ ಶಿಯರ್ ಬೋಲ್ಟು ಹತ್ತು ಜೊತೆಗಿರಲಿ. ಕೊಳ್ಳುವಾಗ ಹಳೇ ತುಂಡನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ, ಎಡ ಮತ್ತು ಬಲದ ಆಕಾರದಲ್ಲಿ ವ್ಯತ್ಯಾಸವಿರುವ ಯಂತ್ರಗಳಿವೆ.

ಸುಗ್ಗಿ ಮುಗಿದ ದಿನವೇ ಕೋಣೆಯಲ್ಲಿ ಉಳಿದ ಪೆಂಡಿ ತೆಗೆಯಿರಿ; ಅದು ತೇವ ಹೀರಿ ಕೋಣೆಗೆ ತುಕ್ಕು ತರುತ್ತದೆ. ದಾರವನ್ನು ಸೂಜಿಯಿಂದ ಬಿಡಿಸಿ ಇಲಿ ಬಾರದ ಕಬ್ಬಿಣದ ಡಬ್ಬಿಗೆ ಹಾಕಿ. ಕೊಕ್ಕು, ಡಿಸ್ಕು, ಚಾಕು, ಸೂಜಿಯ ಕಣ್ಣಿಗೆ ದಪ್ಪಗೆ ಗ್ರೀಸ್ ಹಚ್ಚಿ, ನಾಟರುಗಳ ಮೇಲೆ ತಾಡಪಾಲು ಮುಚ್ಚಿ. ಮುಂದಿನ ಸುಗ್ಗಿಗೆ ಮೊದಲ ಪೆಂಡಿ ಕಟ್ಟುವ ಮುನ್ನ ಆ ಗ್ರೀಸನ್ನು ಸೀಮೆಎಣ್ಣೆ ಬಟ್ಟೆಯಿಂದ ಪೂರ್ತಿ ಒರೆಸಬೇಕು, ಇಲ್ಲದಿದ್ದರೆ ದಾರ ಜಾರುತ್ತದೆ.